ಪರದೆಗೆ ಹಚ್ಚಿದ ಅರಿಶಿನ

ಬೇವು ಹೂಬಿಡುವ ಹೊತ್ತಿಗೆ ದಿಂಡಿಗಲ್ಲಿನ ನಮ್ಮ ಕಾನ್ವೆಂಟಿನಲ್ಲಿ ಪಾಠಗಳು ಸಡಿಲವಾಗುತ್ತಿದ್ದವು. ಈಸ್ಟರ್ ಕಳೆದ ಮೇಲೆ ಒಂದು ದಿನವನ್ನು ವಸಂತದ ದಿನವೆಂದು ಕರೆದು, ಹಾಡು, ಚಿತ್ರ, ನಾಟಕಗಳಿಗೆಂದೇ ಸಿಸ್ಟರುಗಳು ಎತ್ತಿಡುತ್ತಿದ್ದರು. ಊಟದ ಮೇಜುಗಳನ್ನೆಲ್ಲ ವರಾಂಡಕ್ಕೆ ತಂದು, ಬಿಳಿ ಬಟ್ಟೆ ಹಾಸಿ, ನಮ್ಮ ಕಸೂತಿ ಮತ್ತು ಲೇಸುಗಳನ್ನು ಹರಡುತ್ತಿದ್ದೆವು. ಗಾಳಿಗೆ ಹಾರದಂತೆ ಪ್ರತಿಯೊಂದರ ಮೂಲೆಗೂ ಹುಣಿಸೆ ಬೀಜದ ಪುಟ್ಟ ಗಂಟು. ಹಾರ್ಮೋನಿಯಂ ಬಿಸಿಲಿಗೆ ಉಬ್ಬಿ ಅದರ ಒಂದು ಸ್ವರ ಹೊರಡುತ್ತಿರಲಿಲ್ಲ. ಆ ಸ್ವರ ಬಂದಲ್ಲೆಲ್ಲ ಒಬ್ಬಳು ಕೆಮ್ಮಬೇಕೆಂದು ನಮ್ಮೊಳಗೇ ಮಾತಾಗಿತ್ತು. ಊರಿನ ವಕೀಲರ ಮನೆಯವರು, ಸ್ಟೇಷನ್ ಮಾಸ್ಟರರ ಮನೆಯವರು ಬಂದು ಕೂತು ಹಾಡನ್ನೂ ಕೆಮ್ಮನ್ನೂ ಒಟ್ಟಿಗೆ ಕೇಳಿ ಚಪ್ಪಾಳೆ ತಟ್ಟುತ್ತಿದ್ದರು.

ನಾನು ಬೋಡಿನಾಯಕನೂರಿನವಳು. ಅಪ್ಪ ಹೊಲದ ಜೊತೆಗೆ ಏಲಕ್ಕಿ ವ್ಯಾಪಾರವನ್ನೂ ಹಚ್ಚಿಕೊಂಡಿದ್ದರು. ಬೆಟ್ಟದ ಮೇಲಿನ ತೋಟದ ದೊರೆಸಾನಿ ಒಮ್ಮೆ ನಮ್ಮ ಜಗಲಿಯಲ್ಲಿ ನಾನು ಇದ್ದಿಲಿನಿಂದ ಬರೆದ ಎತ್ತುಗಳನ್ನು ನೋಡಿ, "ಈ ಹುಡುಗಿಯನ್ನು ಶಾಲೆಗೆ ಕಳಿಸಿ" ಎಂದಳಂತೆ. ದೊರೆಸಾನಿಯ ಮಾತು ತೆಗೆದುಹಾಕಲಾಗದೆ ಅಪ್ಪ ಕಳಿಸಿದರು. ಹೀಗೆ ಮನೆಯಲ್ಲಿ ನಮ್ಮ ಕನ್ನಡ, ಬೀದಿಯಲ್ಲಿ ತಮಿಳು, ಕಾನ್ವೆಂಟಿನಲ್ಲಿ ಇಂಗ್ಲಿಷು ಎಂದು ನನ್ನ ನಾಲಗೆ ಮೂರು ಮನೆಯ ಸೊಸೆಯಾಗಿತ್ತು.

ಆ ವರ್ಷ ನಾಟಕದ ಹಿಂಪರದೆಯನ್ನು ಬರೆಯುವ ಕೆಲಸ ನನಗೆ ಬಂತು. ಕುರುಬರು ಬೆಟ್ಟದಲ್ಲಿ ಕಳೆದುಹೋದ ಕುರಿಮರಿಯನ್ನು ಹುಡುಕುವ ಕತೆ. ಸಿಸ್ಟರುಗಳ ಪುಸ್ತಕದಲ್ಲಿ ಆ ಬೆಟ್ಟಗಳಿಗೆ ಹಿಮವಿತ್ತು; ನಾನು ನನ್ನ ಮನೆಯ ಹಿತ್ತಿಲಿನಿಂದ ಕಾಣುವ ಬೆಟ್ಟಗಳನ್ನೇ ಬರೆದೆ. ಹೊಲಿದು ಸೇರಿಸಿದ ಹಳೆಯ ಹಾಸಿಗೆ ಬಟ್ಟೆಗಳ ಮೇಲೆ ಇಟ್ಟಿಗೆ ಪುಡಿ, ನೀಲಿ, ಗೋಂದು. ಚಿತ್ರ ಕಲಿಸುತ್ತಿದ್ದ ಸಿಸ್ಟರ್ ಬಹಳ ಹೊತ್ತು ನೋಡಿದರು. ಅವರಿಗೆ ಮೆಚ್ಚುಗೆಯಾದರೆ ಮಾತು ಬರುತ್ತಿರಲಿಲ್ಲ, ಕೈಬೆರಳಿನಿಂದ ಜಪಸರದ ಒಂದೇ ಮಣಿಯನ್ನು ತಿರುಗಿಸುತ್ತಿದ್ದರು. ಆಮೇಲೆ ಹೇಳಿದರು: "ಬರುವ ವರ್ಷ ನೀನು ಇಲ್ಲೇ ಉಳಿದರೆ ಚಿಕ್ಕ ಮಕ್ಕಳಿಗೆ ಚಿತ್ರ ಕಲಿಸುವುದು ನಿನ್ನ ಕೆಲಸ. ನಿನ್ನ ತಂದೆ ಒಪ್ಪಬೇಕು. ವಸಂತದ ದಿನಕ್ಕೆ ಬರುತ್ತಾರಲ್ಲ, ನಾನೇ ಕೇಳುತ್ತೇನೆ."

ಅಂದಿನಿಂದ ನಾನು ಮಲಗುವ ಕೋಣೆಯ ಗೋಡೆಗಳನ್ನೂ ಚಿಕ್ಕ ಮಕ್ಕಳ ಕಣ್ಣಿನಿಂದ ನೋಡತೊಡಗಿದೆ. ಮೊದಲು ಎಲೆ ಬರೆಸುವುದೇ, ಮಡಕೆ ಬರೆಸುವುದೇ ಎಂಬುದು ನನ್ನ ದೊಡ್ಡ ಚಿಂತೆ.

ಕುರುಬರ ಗುಡಿಸಲಿಗೆ ಒಂದು ಕರಿ ಕಂಬಳಿ ಬೇಕಿತ್ತು. ನಮ್ಮ ಮನೆಯಲ್ಲಿದೆ ಎಂದು ನಾನೇ ಮುಂದಾಗಿ ಹೇಳಿ, ಅಪ್ಪನಿಗೆ ಹೇಳಿಕಳಿಸಿದೆ. ಕಳಿಸಿಯಾದ ಮೇಲೆ ಅಂಜಿಕೆ ಹುಟ್ಟಿತು. ಆ ಕಂಬಳಿ ಹೊದೆಯುವ ಕಂಬಳಿಯಲ್ಲ. ಅಟ್ಟದ ತೊಲೆಯ ಮೇಲೆ ಇರುತ್ತಿತ್ತು. ನನಗೆ ತಿಳಿದಮಟ್ಟಿಗೆ ನಮ್ಮ ಜನದ ಹಿರಿಯರು ಯಾವುದಾದರೂ ವ್ಯಾಜ್ಯಕ್ಕೆ ಕೂಡಿದಾಗ ಮಾತ್ರ ಇಳಿಯುತ್ತಿತ್ತು. ಅದರ ಮೇಲೆ ಕೂತು ಆಡಿದ ಮಾತಿಗೆ ಎರಡಿಲ್ಲ. ಪಕ್ಕದ ಮನೆಯವನು ಎತ್ತಿನ ವಿಷಯದಲ್ಲಿ ಬೀದಿಯಲ್ಲಿ ನಿಂತು ಹತ್ತು ದೇವರ ಆಣೆ ಹಾಕಿದ್ದ. ಕಂಬಳಿ ಹಾಸಿದೊಡನೆ ಕಾಲಿಡದೆ ಮೆಲ್ಲಗೆ ಹಿಂದೆ ಸರಿದದ್ದನ್ನು ನಾನು ಚಿಕ್ಕವಳಿದ್ದಾಗ ಬಾಗಿಲ ಸಂದಿಯಿಂದ ಕಂಡಿದ್ದೆ. ಅಂಥ ಕಂಬಳಿಯನ್ನು ನಾಟಕಕ್ಕೆ ಕೊಡುತ್ತಾರೆಯೇ?

ಕೊಟ್ಟರು. ವಸಂತದ ದಿನ ಬೆಳಿಗ್ಗೆ ಅಪ್ಪನ ಗಾಡಿ ಬಂದಾಗ ಕಂಬಳಿ ಅವರ ತೊಡೆಯ ಮೇಲಿತ್ತು. ಜೊತೆಗೆ ಓಡೈಪಟ್ಟಿಯ ಮಾಮ, ಅಮ್ಮನ ಅಣ್ಣ.

"ಏನ್ ಪುಳ್ಳೆ, ಇಷ್ಟುದ್ದ ಆಗ್ಬುಟ್ಟೆ! ವೆಳ್ಳಕ್ಕಾರಮ್ಮನೋರು ಗಂಜಿ ಹುಯ್ತಾರೋ, ಇಲ್ಲ ಏಣಿ ಹತ್ತುಸ್ತಾರೋ?" ಎಂದರು ಮಾಮ. ಪುಳ್ಳೆ ಎಂದರೆ ಹುಡುಗಿ; ವೆಳ್ಳಕ್ಕಾರಮ್ಮ ಎಂಬುದು ಬಿಳಿಯ ಹೆಂಗಸರಿಗೆಲ್ಲ ಅವರಲ್ಲಿ ಒಂದೇ ಹೆಸರು.

ನಾನು ಕೇಳಿದೊಡನೆ ಅಮ್ಮ ಆ ಕಂಬಳಿಯನ್ನು ಕೊಟ್ಟು ಕಳಿಸಿದ್ದಾಳೆಂದು ನನ್ನ ಎದೆ ಉಬ್ಬಿತು. ಬಿಚ್ಚಿದರೆ ಒಳಗೆ ಬೇವಿನ ಚಿಗುರು, ಒಂದು ದಪ್ಪ ಅರಿಶಿನದ ಕೊಂಬು. ಹುಳು ಹಿಡಿಯದಿರಲೆಂದು ಅಮ್ಮ ಇಟ್ಟಿರಬೇಕು ಎಂದುಕೊಂಡೆ. ನನ್ನ ಪರದೆಯಲ್ಲಿ ಸೂರ್ಯ ಇನ್ನೂ ಬರಿ ಸುತ್ತುಗೆರೆಯಾಗಿದ್ದ, ಹಳದಿ ಬಣ್ಣ ಮುಗಿದುಹೋಗಿತ್ತು. ಅರಿಶಿನವನ್ನು ಅಡುಗೆಮನೆಯ ಕಲ್ಲಿನಲ್ಲಿ ತೇದು ಗೋಂದು ಬೆರೆಸಿ ಹಚ್ಚಿದೆ. ಎಷ್ಟು ಚೆಂದದ ಹಳದಿ ಅದು! ಒದ್ದೆಯಿದ್ದಾಗ ತುಸು ಕೆಂಪು, ಒಣಗುತ್ತ ಒಣಗುತ್ತ ಹಳದಿ. ಬೇವಿನ ಚಿಗುರನ್ನು ಗುಡಿಸಲ ಬಾಗಿಲಿಗೆ ಸಿಕ್ಕಿಸಿದೆ.

ಕುರಿಮರಿಯ ವೇಷ ಹಾಕಿದ್ದ ವೇಡಸಂದೂರಿನ ಗೆಳತಿ ಕಂಬಳಿಯೊಳಗೆ ಮೂಗು ತೂರಿಸಿ, "ಅಮ್ಮಾಡೀ! ಕುರಿ ನಾನು, ಕುರಿಗೇ ಈ ವಾಸನೆ ತಡಿಯಕ್ಕಾಗಲ್ಲ" ಎಂದಳು. ಗುಡಿಸಲಿಗೆ ಕಟ್ಟುವಾಗ ಹುಡುಗಿಯರು ಅದನ್ನು ತುಳಿದರು, ಎಳೆದರು, ಅದರ ಮೇಲೆ ಕೂತು ಅವಲಕ್ಕಿ ತಿಂದರು. ಮೊದಲು ಮೈ ಝುಮ್ಮೆಂದಿತು. ಆಮೇಲೆ, ಆಟಕ್ಕೆ ಹಾಸಿದ ಮೇಲೆ ಅದಕ್ಕಿನ್ನು ಹಳೆಯ ಬಲವೆಲ್ಲಿ, ಬರಿ ಉಣ್ಣೆಯಾಯಿತಲ್ಲ ಎಂದು ನನ್ನಷ್ಟಕ್ಕೆ ತೀರ್ಮಾನಿಸಿದೆ.

ಮಧ್ಯಾಹ್ನ ಸಿಸ್ಟರ್ ಅಪ್ಪನನ್ನು ಅತಿಥಿಗಳ ಕೋಣೆಗೆ ಕರೆದರು. ನಾನು ಬಾಗಿಲ ಬಳಿ ನಿಂತೆ. ಬೆತ್ತದ ಕುರ್ಚಿಯನ್ನು ಅಪ್ಪ ಮೊದಲು ಹೆಗಲ ವಸ್ತ್ರದಿಂದ ಒರೆಸಿದರು, ಆಮೇಲೆ ಅಂಚಿನಲ್ಲಿ ಕೂತರು, ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದರ ಮೇಲೊಂದು ಇಟ್ಟುಕೊಂಡರು. ಸಿಸ್ಟರ್ ತಮ್ಮ ಪುಸ್ತಕದ ತಮಿಳಿನಲ್ಲಿ ನಿಧಾನವಾಗಿ ಕೇಳಿದರು: "ನಿಮ್ಮ ಮಗಳನ್ನು ಇನ್ನೂ ಕೆಲವು ವರ್ಷ ನಮ್ಮಲ್ಲಿ ಬಿಡುವಿರಾ? ಅವಳು ಇಲ್ಲಿ ಮಕ್ಕಳಿಗೆ ಕಲಿಸಲಿ."

ಅಪ್ಪ ಕೈ ಮುಗಿದರು. "ಅದಕ್ಕೇನು ತಾಯೀ, ಇರಲಿ. ನಿಮ್ಮ ಹತ್ತಿರ ಇದ್ದರೆ ನನ್ನ ಹತ್ತಿರ ಇದ್ದ ಹಾಗೆ. ಇದು ನನ್ನ ಸೊಲ್ಲು." ಸೊಲ್ಲು ಎಂದರೆ ನಮ್ಮಲ್ಲಿ ಕೊಟ್ಟ ಮಾತು. ಸಿಸ್ಟರ್ ಎರಡು ಬಿಸ್ಕತ್ತುಗಳನ್ನು ತಟ್ಟೆಯಲ್ಲಿಟ್ಟು ಕೊಟ್ಟರು. ಅಪ್ಪ ಪ್ರಸಾದದಂತೆ ಎರಡೂ ಕೈಯಲ್ಲಿ ತೆಗೆದುಕೊಂಡರು. ಆಚೆ ಬಂದು, ಗಾಡಿಯ ಬಳಿ ಹೋಗಿ, ಅವನ್ನು ಎಡಗಡೆಯ ಎತ್ತಿನ ಬಾಯಿಗಿಟ್ಟರು. ಅದನ್ನು ನಾನು ಕಂಡೆ. ಮ್ಲೇಚ್ಛರ ತಿಂಡಿ ಅಪ್ಪ ಮುಟ್ಟುವುದಿಲ್ಲ, ಸರಿ, ಎಂದು ನಕ್ಕುಬಿಟ್ಟೆ. ನಗುತ್ತಲೇ ಓಡಿಹೋಗಿ ಗೆಳತಿಗೆ ಹೇಳಿದೆ: "ಒಪ್ಪಿಬಿಟ್ಟರು!" ಅವಳು ಕುರಿಯ ಕಿವಿಗಳನ್ನು ಅಲ್ಲಾಡಿಸಿ ನನ್ನನ್ನು ಅಪ್ಪಿಕೊಂಡಳು.

ನಾಟಕ ಚೆನ್ನಾಗಿ ಆಯಿತು. ಪರದೆ ಬಿಚ್ಚಿದಾಗ ಹಿಂದಿನ ಸಾಲಿನಿಂದ ಮಾಮನ ಗಂಟಲು ಎಲ್ಲರಿಗೂ ಕೇಳಿಸಿತು: "ಡೇಯ್, ಇದು ನಮ್ಮ ಬೆಟ್ಟ!" ವಕೀಲರ ಹೆಂಡತಿ ತಿರುಗಿ ನೋಡಿದಳು. ನನಗೆ ನಾಚಿಕೆಯಾಗಲಿಲ್ಲ, ಬದಲಿಗೆ ಕಣ್ಣು ತುಂಬಿತು.

ಇಳಿಬಿಸಿಲಿನಲ್ಲಿ ಜನ ಚದುರಿದರು. ಅಪ್ಪ ಬಂದು, "ಕಂಬ್ಳಿ ಬಿಚ್ಚಿ ಕುಡು ಕಣ್ಣು. ಬೆನ್ನು ನೋಯ್ತೈತೆ, ರವಷ್ಟು ಕುಂತ್ಕತೀವಿ" ಎಂದರು. ಅವರು ಅಕ್ಕರೆಯಿದ್ದಾಗ ನನ್ನನ್ನು ಕಣ್ಣು ಎನ್ನುತ್ತಿದ್ದರು. ಕಾಂಪೌಂಡಿನ ಹುಣಿಸೆಮರದಡಿ ಕಂಬಳಿ ಹಾಸಿದರು. ಅಪ್ಪ, ಮಾಮ, ಜೊತೆಗೆ ದಿಂಡಿಗಲ್ಲಿನ ಹತ್ತಿರವೇ ನೆಲೆಸಿದ್ದ ನಮ್ಮ ಜನದ ಇಬ್ಬರು ಮುದುಕರು. ನಾಟಕ ನೋಡಲು ಬಂದ ನಂಟರು ಎಂದುಕೊಂಡೆ.

"ನೀರು ತತ್ತಾ, ತಾಯಿ" ಎಂದರು ಅಪ್ಪ. ತಂದುಕೊಟ್ಟೆ. "ಬಾ, ಮೂಲೇಲಿ ಕುಂತ್ಕ."

ಕೂತೆ. ನನ್ನ ಬೆರಳುಗಳಲ್ಲಿ ಇನ್ನೂ ಹಳದಿಯಿತ್ತು. ಮಾಮ ಕಂಬಳಿಯ ಮಡಿಕೆಯನ್ನು ಕೊಡವುತ್ತ, "ಅರಿಶ್ನ ಎಲ್ಲಿ? ನಿಮ್ಮಮ್ಮ ಇದ್ರೊಳಗೇ ಇಕ್ಕಿವ್ನಿ ಅಂದ್ಲು?" ಎಂದರು.

"ಅಯ್ಯೋ ಮಾಮ, ಅದನ್ನ ತೇದು ಸೂರ್ಯನಿಗೆ ಬಳಿದುಬುಟ್ಟೆ!" ಎಂದೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಹಿರಿಯ ಮುದುಕ ಕಣ್ಣೊರೆಸಿಕೊಂಡು, "ಹಂಗಾರೆ ಸೂರ್ಯನೇ ಸಾಚ್ಚಿ ಆದ" ಎಂದ. ಮಾಮ ವೀಳ್ಯವನ್ನೂ ಒಂದು ತುಂಡು ಹೂವನ್ನೂ ನನ್ನ ಮಡಿಲಿಗೆ ಹಾಕಿದರು. ಅಪ್ಪ ಅಂಗೈಯನ್ನು ಕಂಬಳಿಯ ಮೇಲೆ ಚಪ್ಪಟೆಯಾಗಿ ಊರಿ, "ಹೆಣ್ಣು ಕುಟ್ಟೆ" ಎಂದರು. ಮಾಮ ಹಾಗೆಯೇ ಕೈಯೂರಿ, "ನನ್ನ ಮಗನಿಗೆ ಇಸ್ಕಂಡೆ" ಎಂದರು. ಮುದುಕ, "ಸೊಲ್ಲು ಬಿತ್ತು. ಇನ್ನೇಳ್ರಪ್ಪ" ಎಂದ.

ಹೆಣ್ಣುಮಕ್ಕಳನ್ನು ಆ ಕಂಬಳಿಯ ಮೇಲೆ ಒಂದೇ ಸಲ ಕೂರಿಸುತ್ತಾರೆ. ಅಕ್ಕಂದಿರ, ಗೆಳತಿಯರ ನಿಶ್ಚಯಗಳನ್ನು ನೋಡುತ್ತ ಎಲ್ಲ ಹುಡುಗಿಯರೂ ಇದನ್ನು ತಿಳಿಯುತ್ತಾರೆ. ನಾನು ಆ ವಯಸ್ಸನ್ನೆಲ್ಲ ಕಾನ್ವೆಂಟಿನಲ್ಲಿ ಲೇಸು ಹೆಣೆಯುತ್ತ ಕಳೆದಿದ್ದೆ.

"ಅಪ್ಪಾ," ಎಂದೆ, "ಮಧ್ಯಾನ ಸಿಸ್ಟರ್‌ಗೆ ಸೊಲ್ಲು ಕುಟ್ಟೆಯಲ್ಲ?"

"ಕುಟ್ಟೆ. ಅವಮ್ಮ ಕೂರ್ಸಿ ಮರ್ವಾದಿಯಾಗಿ ಕೇಳಿದ್ಲು. ಇಲ್ಲ ಅಂತ ಮಕದ ಮ್ಯಾಲ ಹೆಂಗ ಹೇಳದು?"

"ಹಂಗಾರೆ ಅದು ಸೊಲ್ಲಲ್ಲವಾ?"

ಉತ್ತರ ಕೊಟ್ಟವರು ಮಾಮ. "ನಾಕಾಲಿ ಮ್ಯಾಲ ಕುಂತು ಹೇಳಿದ್ದು ನಾಕ್ ಕಾಲ್ ಹಾಕ್ಕಂಡು ಓಡೋಯ್ತದೆ ಪುಳ್ಳೆ. ಕಂಬ್ಳಿಗೆ ಕಾಲಿಲ್ಲ." ಕುರ್ಚಿಗೆ ನಮ್ಮವರು ನಾಕಾಲಿ ಎನ್ನುತ್ತಾರೆ.

ಮುದುಕರು ನಕ್ಕರು. ಅಪ್ಪನನ್ನು ನೋಡಿದೆ. ಅವರೂ ನಕ್ಕರು. ನಿಶ್ಚಯವನ್ನು ನಾನು ಮರೆತರೂ ಮರೆತೇನು. ಮಾಮನಿಗೆ ನೆಲವಿತ್ತು, ಮಲೆ ಕೊರೆದು ಕಣಿವೆಗೆ ನೀರು ತರುತ್ತಾರೆಂಬ ಸುದ್ದಿಯಿತ್ತು, ಅಣ್ಣನ ಮಗನಿಗೆ ತಂಗಿಯ ಮಗಳ ಮೇಲೆ ನಮ್ಮಲ್ಲಿ ಹಕ್ಕೂ ಇತ್ತು. ಇದೆಲ್ಲ ನನಗೆ ಅರ್ಥವಾಗುತ್ತದೆ. ಆ ನಗು ಮಾತ್ರ ಅರ್ಥವಾಗಿಲ್ಲ.

ಮರುದಿನ ಬೆಳಗಾದೊಡನೆ ಹೊರಡಬೇಕೆಂದರು. ನಾನು ಪೆಟ್ಟಿಗೆ ಕಟ್ಟಲು ಒಳಗೆ ಹೋದಾಗ ಸಿಸ್ಟರ್ ಒಬ್ಬರೇ ಪರದೆಯನ್ನು ಇಳಿಸುತ್ತಿದ್ದರು. ನನ್ನ ಮಡಿಲ ವೀಳ್ಯ ನೋಡಿದರು.

"ವರಾಂಡದಿಂದ ನೋಡಿದೆ. ನೀನು ನಗುತ್ತ ಕೂತಿದ್ದೆ," ಎಂದರು. "ನಿನಗೆ ಗೊತ್ತಿತ್ತು ಎಂದಮೇಲೆ ಬೆಳಿಗ್ಗೆಯೇ ಹೇಳಬಹುದಿತ್ತು. ನಾನು ನಿನ್ನ ತಂದೆಯ ಮುಂದೆ ಬೇಡುತ್ತಿರಲಿಲ್ಲ."

"ಗೊತ್ತಿರಲಿಲ್ಲ ಸಿಸ್ಟರ್."

ಕಂಬಳಿಯ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಕಂಬಳಿಗೆ ಇಂಗ್ಲಿಷಿನ ಪದ ನನಗೆ ಬರುತ್ತಿತ್ತು. ಆ ಪದಕ್ಕೆ ಹೊದ್ದು ಮಲಗುವುದಷ್ಟೇ ಗೊತ್ತು, ಬೇರೇನೂ ಗೊತ್ತಿಲ್ಲ. ಸಿಸ್ಟರ್ ಪರದೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಮಡಿಸಿದೆವು. ಸೂರ್ಯ ಒಳಮಡಿಕೆಗೆ ಹೋದ. ಜಪಸರ ಅವರ ಸೊಂಟದಲ್ಲಿ ಅಲುಗದೆ ತೂಗುತ್ತಿತ್ತು.

ಬೋಡಿ ತಲುಪಿದಾಗ ಅಮ್ಮ ಹೊಸಿಲಲ್ಲೇ ಕಂಬಳಿ ಇಸಿದುಕೊಂಡು ಕೊಡವಿ ನೋಡಿದಳು. "ಎಂಥಾ ಮೋಸ ಮಾಡಿದ್ಯವ್ವ," ಎಂದೆ. "ನೀನಾದ್ರೂ ಒಂದು ಸೊಲ್ಲು ಹೇಳಿ ಕಳ್ಸಬಾರ್ದಿತ್ತಾ?"

"ಹೇಳಿದ್ರೆ ಕಂಬ್ಳಿ ಕೇಳ್ತಿದ್ಯಾ ನೀನು?" ಎಂದಳು ಅಮ್ಮ. ಸಿಟ್ಟಿನಿಂದಲ್ಲ, ಮೊಸರಿಗೆ ಹೆಪ್ಪು ಹಾಕುವ ಸಂಗತಿ ಹೇಳುವ ದನಿಯಲ್ಲಿ. ಕಂಬಳಿಗೆ ಅಂಟಿದ್ದ ಅವಲಕ್ಕಿಯ ಚೂರನ್ನು ಉಗುರಿನಿಂದ ಕಿತ್ತು ಎಸೆದಳು. ಕೇಳಿದವಳು ನಾನೇ. ಅವರು ನನಗೆ ಅನುಮಾನ ಬಾರದಂತೆ ಅದನ್ನು ಮನೆಯಿಂದ ಇಳಿಸಿ ದಿಂಡಿಗಲ್ಲಿಗೆ ಒಯ್ಯಲು ನೆಪ ಹುಡುಕುತ್ತಿದ್ದಾಗ, ನೆಪವನ್ನು ನಾನೇ ಹೇಳಿ ಕಳಿಸಿದ್ದೆ.

ಮಾಮನ ಸೊಸೆಯಾಗಿ ಓಡೈಪಟ್ಟಿಗೆ ಬಂದು ಈಗ ಕೆಲವು ವರ್ಷಗಳಾದವು. ಗಂಡನ ಮೇಲೆ ನನಗೆ ದೂರಿಲ್ಲ, ಅವರನ್ನೂ ಯಾರೂ ಕೇಳಿರಲಿಲ್ಲ. ಮಸಾಲೆ ಅರೆಯುವಾಗ ಅರಿಶಿನದ ಕೈಯನ್ನು ಗೋಡೆಗೆ ಒರೆಸಿ, ಅದು ಬೆಟ್ಟದ ಅಂಚಾಗುವ ಮೊದಲೇ ಅಳಿಸಿಬಿಡುತ್ತೇನೆ. ನೀರಿನ ಕೆಲಸದ ಓವರ್‌ಸಿಯರು ಬಂದರೆ ಕೂರಲೆಂದು ಮನೆಗೆ ಒಂದು ಬೆತ್ತದ ಕುರ್ಚಿ ತರಿಸಿದ್ದಾರೆ. ಅಪ್ಪ ಪೊಂಗಲ್ ಸೀರೆ ಹಿಡಿದು ಬಂದಾಗ ಅತ್ತೆ ಚಾಪೆ ಬಿಡಿಸಲು ಹೋಗುತ್ತಾರೆ. ಅಷ್ಟರಲ್ಲಿ ನಾನು ಕುರ್ಚಿಯನ್ನು ತಂದು ಅಂಗಳದ ನಡುವೆ ಇಡುತ್ತೇನೆ.

"ನಂಗ್ಯಾಕಮ್ಮ ನಾಕಾಲಿ?" ಎನ್ನುತ್ತಾರೆ ಅಪ್ಪ, ಮೊದಲ ಸಲ ನನ್ನ ಮುಖ ನೋಡಿ, ಆಮೇಲೆ ನೋಡದೆ. ಹೆಗಲ ವಸ್ತ್ರದಿಂದ ಒರೆಸಿ ಅಂಚಿನಲ್ಲಿ ಕೂರುತ್ತಾರೆ. ನೀರು ಕೊಡುತ್ತೇನೆ.

"ಸಂತೋಸವಾಗಿದ್ದೀಯಾ, ಕಣ್ಣು?"

"ಇದ್ದೀನಪ್ಪ," ಎನ್ನುತ್ತೇನೆ, ಕುರ್ಚಿಯ ತೋಳಿನ ಮೇಲೆ ಕೈಯಿಟ್ಟು.