ಮುಚ್ಚಿದ ಊರಿಗೆ ಒಂದು ಪಾತ್ರೆ ಉಪ್ಪಿಟ್ಟು

ಗೆಳೆಯರೇ, ಇವತ್ತು ಬೆಳಿಗ್ಗೆಯಿಂದ ಕೋಗಿಲಿನ ನಮ್ಮ ಮನೆ ಸಾವಿನ ಮನೆಯಂತಿದೆ. ಅಪ್ಪ ಆರು ವರ್ಷದಿಂದ ಕಂಪ್ಯೂಟರ್‌ನಲ್ಲಿ ಆಡುತ್ತಿದ್ದ ಹಳ್ಳಿಯ ಆಟವನ್ನು ಕಂಪನಿಯವರು ನಿನ್ನೆ ಮುಚ್ಚಿಬಿಟ್ಟರು. ಆ ಊರಿಗೆ ಅಪ್ಪನೇ ಗೌಡರು. ಹಾಗಾಗಿ ಜೊತೆಗೆ ಆಡುತ್ತಿದ್ದ ನಾಲ್ವರು ಸಂಜಯನಗರ, ಸೋಲದೇವನಹಳ್ಳಿಯಿಂದ ಮಾತನಾಡಿಸಲು ಬಂದರು. ಒಬ್ಬರ ಮುಖ ಒಬ್ಬರು ನೋಡಿದ್ದೇ ಇವತ್ತು.

"ಗೌಡ್ರೇ, ನನ್ ರಾಗಿ ಕೊಯ್ಲಿಗೆ ಬಂದಿತ್ತು" ಎಂದು ಬ್ಯಾಂಕ್ ಮ್ಯಾನೇಜರೊಬ್ಬರು ಕಣ್ಣೊರೆಸಿಕೊಂಡರು.

ಬಾಗಿಲಲ್ಲಿ ಅಷ್ಟು ಚಪ್ಪಲಿ, ಒಳಗೆ ಅಷ್ಟು ಮೌನ ಕಂಡ ಪಕ್ಕದ ಮನೆಯ ಜಯಮ್ಮ, ನಮ್ಮಲ್ಲಿ ಒಲೆ ಹಚ್ಚಿರುವುದಿಲ್ಲವೆಂದು ಒಂದು ಪಾತ್ರೆ ಉಪ್ಪಿಟ್ಟು ಹಿಡಿದು ಬಂದರು.

"ಯಾರಣ್ಣ ಓಗಿದ್ದು?"

ಅಪ್ಪ ಕಂಪ್ಯೂಟರ್ ತೋರಿಸಿದರು. "ಆಟ್ದಲ್ಲಿದ್ದ ಊರು ಕಣಮ್ಮ. ಒಲ, ತೋಟ, ಕೆರೆ, ಎಲ್ಲಾ ಅಳಿಸಾಕ್ಬುಟ್ರು."

ಜಯಮ್ಮ ಪಾತ್ರೆ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟರು. "ಅಲ್ಲ ಕಣಣ್ಣ, ನಿನ್ ನಿಜವಾದ್ ಒಲ ಲೇಔಟ್‌ಗೆ ಮಾರ್ದಾಗ ಬೀದಿಗೆಲ್ಲಾ ಒಬ್ಬಟ್ಟು ಅಂಚ್ದೋನು ನೀನೇ ಅಲ್ವಾ?"

ಐವರೂ ತಲೆ ತಗ್ಗಿಸಿ ಉಪ್ಪಿಟ್ಟು ತಿಂದರು. ಅಪ್ಪ ದುಃಖದಲ್ಲೇ ಎರಡು ಸಲ ಹಾಕಿಸಿಕೊಂಡರು.