ತೆಕ್ಕಟ್ಟೆಯ ವೆಬ್‌ಸೈಟಿನಲ್ಲಿ ಉಳಿದ ಹೆಸರು

ಅದು ೨೦೦೯. ಕುಂದಾಪುರದಲ್ಲಿ ಒಂದೇ ಕೋಣೆಯ ಬಾಡಿಗೆ ಆಫೀಸು ಇಟ್ಟುಕೊಂಡು ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಡಿಸೈನರೂ ನಾನೇ, ಜವಾನನೂ ನಾನೇ. ದಿನವಿಡೀ ಮಾತಿಗೆ ಇನ್ನೊಂದು ಜೀವವಿರಲಿಲ್ಲ.

ಹೋಂ ಪೇಜ್ ಕಂಡ ಕೂಡಲೇ ‘ಮುಗೀತಲ್ಲ ಮಾರಾಯ್ರೆ’ ಎನ್ನುವ ಗಿರಾಕಿಗಳ ಮೇಲೆ ನನಗೆ ಸಿಟ್ಟು. ಚಂದದ ಪುಟವಷ್ಟೇ ವೆಬ್‌ಸೈಟ್ ಅಲ್ಲ. ಡೊಮೈನ್, ಅಂದರೆ ಸೈಟಿನ ವಿಳಾಸ, ಗಿರಾಕಿಯ ಹೆಸರಿನಲ್ಲೇ ಇರಬೇಕು. ಪಾಸ್‌ವರ್ಡ್, ಮೂಲ ಫೈಲುಗಳು ಅವರ ಕೈ ಸೇರಬೇಕು. ತಿದ್ದಲು ಕಲಿಸಿಯೂ ಕೊಡಬೇಕು. ಇಲ್ಲದಿದ್ದರೆ ಅವರ ಜುಟ್ಟು ಡಿಸೈನರನ ಕೈಯಲ್ಲೇ!

ತೆಕ್ಕಟ್ಟೆಯ ಒಣಮೀನು ವ್ಯಾಪಾರಿ ಶೀನಣ್ಣ ನನ್ನಿಂದ ಸೈಟ್ ಮಾಡಿಸಿದ್ದರು. ಅವರ ಹೆಸರು, ಮೊಬೈಲ್ ನಂಬರಿನೊಂದಿಗೆ ಸೈಟ್ ಶುರುವಾಗಿತ್ತು; ಡೊಮೈನ್, ಪಾಸ್‌ವರ್ಡ್ ಎಲ್ಲ ಒಪ್ಪಿಸುವುದು ಬಾಕಿಯಿತ್ತು. ಅಷ್ಟರಲ್ಲಿ ಎದೆನೋವು ಬಂದು ತೀರಿಕೊಂಡರು. ಮಕ್ಕಳಿರಲಿಲ್ಲ. ವ್ಯಾಪಾರವೂ ಅವರ ಮೊಬೈಲೂ ಹೆಂಡತಿ ಗಿರಿಜಕ್ಕನ ಪಾಲಿಗೆ ಬಂದವು. ಕೆಲವು ತಿಂಗಳ ನಂತರ ಡೊಮೈನನ್ನು ಗಿರಿಜಕ್ಕನ ಹೆಸರಿಗೆ ಮಾಡಿಸಿ, ಅವರ ಮನೆಗೆ ಹೋದೆ.

ಶೀನಣ್ಣನ ತಮ್ಮ ಆಗಲೇ ಬಂದು ಕೂತಿದ್ದ. “ಸತ್ತವ್ರ ಹೆಸ್ರ್ ಎಂತಕೆ? ಅದ್ ತೆಗ್ದ್ ನನ್ನ ಹೆಸ್ರ್, ನಂಬ್ರ್ ಹಾಕಿ” ಎಂದ. ನನಗೂ ಅದು ಸರಿಯೆಂದೇ ಕಂಡಿತು.

“ತೆಗುದ್ ಬ್ಯಾಡ” ಎಂದರು ಗಿರಿಜಕ್ಕ.

“ಜನ ನೆಗಾಡ್ತ್ರ್ ಅತ್ತಿಗೆ.”

“ನೆಗಾಡ್ಲಿ. ನಾ ಅವ್ರ ಹೆಸ್ರ್ ಹೇಳುಕ್ ಆತ್ತಾ? ಈ ಮನೆ ಒಳ್ಗೆ ಈಗ ಯಾರೂ ಹೇಳುದಿಲ್ಲೆ. ಸೈಟ್ ಕಂಡವ್ರ್ ಫೋನ್ ಮಾಡಿ, ‘ಶೀನಣ್ಣ ಇದ್ರಾ’ ಅಂದ್ ಕೇಂತ್ರ್. ನಂಗೆ ಅದೊಂದಾರೂ ಕೇಂಬುಕೆ ಸಿಕ್ಕತ್ತ್.”

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳದ ಪದ್ಧತಿ ನನಗೆ ಹೊಸದಲ್ಲ. ಆದರೆ ಹೇಳುವ ಉಳಿದವರೂ ಸುಮ್ಮನಾದರೆ ಮನೆ ಎಷ್ಟು ಬಿಕೋ ಎನ್ನುತ್ತದೆಂದು ಯೋಚಿಸಿಯೇ ಇರಲಿಲ್ಲ.

ತಮ್ಮ ನನ್ನತ್ತ ತಿರುಗಿ, “ನೀವ್ ಬದಲ್ಸಿ, ನಾ ಹೇಳ್ತೆ” ಎಂದ.

“ಸೈಟ್ ಈಗ ಅಕ್ಕನದು. ಅವರು ಹೇಳಿದ ಹಾಗೆ” ಎಂದು ಪಾಸ್‌ವರ್ಡಿನ ಲಕೋಟೆಯನ್ನು ಗಿರಿಜಕ್ಕನ ಕೈಗೇ ಕೊಟ್ಟೆ. ಅವನು ಎದ್ದು ಹೋದ.

ಗಿರಾಕಿಗೆ ಕೊಟ್ಟದ್ದರಲ್ಲಿ ಯಾವುದು ದೊಡ್ಡದೆಂದು ತೀರ್ಮಾನಿಸುವವನು ನಾನಲ್ಲ. ಶೀನಣ್ಣನ ಸೈಟಿನ ಕೆಲಸ ನನಗೆ ಕಲಿಸಿದ್ದು ಇಷ್ಟು.

ಕೆಲಸ ಒಪ್ಪಿಸಿದ ಮೇಲೆ ಸೈಟಿನ ನಂಬರಿಗೆ ಒಮ್ಮೆ ಕರೆ ಮಾಡಿ ನೋಡುವುದು ನನ್ನ ರೂಢಿ. ಆಫೀಸಿಗೆ ಮರಳಿ ಡಯಲ್ ಮಾಡಿದೆ. ಗಿರಿಜಕ್ಕ ಎತ್ತಿದರು.

“ಶೀನಣ್ಣ ಇದ್ರಾ?” ಎಂದೆ.

ಆ ಕಡೆಯಿಂದ ಮೆಲ್ಲಗೆ ಕೇಳಿಸಿತು: “ಇನ್ನೊಂದ್ ಸಲ ಕೇಳಿ ಕಾಂಬ.”