ಲೇಸಿಲ್ಲದ ಬೂಟು, ಆರದ ಸಿಟ್ಟು

ಇವತ್ತು ಬೆಳಿಗ್ಗೆ ಅಟ್ಟದಿಂದ ಹಳೇ ಬೂಟಿನ ಚೀಲ ಇಳಿಸಿ ಬಾಯಿ ಬಿಚ್ಚಿದೆ. ರಬ್ಬರು, ಕೊಬ್ಬರಿ ಎಣ್ಣೆ, ಹೊಳೆಯ ಮಣ್ಣು ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ನಿಮಗಾದರೆ ಇಂಥ ವಾಸನೆಗೆ ಬೆಟ್ಟ, ಗಾಳಿ, ಗೆಳತಿಯರು ನೆನಪಾಗಬಹುದು. ನನಗೆ ಸಿಟ್ಟು ಬಂತು. ವರ್ಷಗಳ ಹಿಂದಿನ ಸಿಟ್ಟು, ಆದರೂ ಈಗಷ್ಟೇ ಒಲೆಯಿಂದ ಇಳಿಸಿದಂತಿತ್ತು.

ಕಾರಣ ಸುಶೀಲಕ್ಕ. ಬಳ್ಳಾರಿಯ ನಮ್ಮ ಬೀದಿಯಲ್ಲೇ ಇರುವವಳು, ನನಗಿಂತ ಹಿರಿಯಳು, ಒಡಹುಟ್ಟಿದವಳಲ್ಲದಿದ್ದರೂ ಆ ಅಧಿಕಾರವನ್ನೆಲ್ಲ ಚಲಾಯಿಸುವವಳು. ಭಾನುವಾರ ಬಂದರೆ ಬೀದಿಯ ಹೆಂಗಸರನ್ನೆಲ್ಲ ಎಬ್ಬಿಸಿ ಸಂಗನಕಲ್ಲಿನ ಗುಡ್ಡಕ್ಕೆ ಹೊರಡಿಸುತ್ತಿದ್ದಳು. ನಮ್ಮ ಕಡೆಯ ಗುಡ್ಡಗಳು ಗೊತ್ತಲ್ಲ, ಬರೀ ಬಂಡೆ, ಹೊತ್ತೇರುವ ಮೊದಲೇ ಹೆಂಚಿನಂತೆ ಕಾಯುತ್ತವೆ. ಚಪ್ಪಲಿ ನಡೆಯುವುದಿಲ್ಲ, ಬೂಟೇ ಬೇಕು.

ನನ್ನ ಬೆರಳುಗಳು ಸಂಧಿವಾತಕ್ಕೆ ಸೊಟ್ಟಗಾದದ್ದು ಆಗಲೇ. ರೊಟ್ಟಿ ತಟ್ಟುವುದು ಹೇಗೋ ನಡೆಯಿತು, ಲೇಸು ಕಟ್ಟುವುದು ಮಾತ್ರ ನಿಂತೇಹೋಯಿತು. ಸುಶೀಲಕ್ಕ ಪ್ರತಿ ವಾರ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಕಟ್ಟಿಕೊಡುತ್ತಿದ್ದಳು. ಒಳ್ಳೆಯದೇ ಆಯಿತಲ್ಲ ಅನ್ನುತ್ತೀರಿ. ಕಟ್ಟಿ ಸುಮ್ಮನೆ ಎದ್ದಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. "ಪಾಪ, ಈಕಿ ಕೈಲೆ ಏನೂ ಆಗಂಗಿಲ್ಲ, ನಾನ ಕಟ್ಟಬೇಕು ನೋಡ್ರಿ," ಎಂದು ಇಡೀ ಬೀದಿಗೆ ಕೇಳುವಂತೆ ಸಾರುತ್ತಿದ್ದಳು. ಹಾಲಿನವನೂ ನಿಂತು ನೋಡಿ ಹೋಗುತ್ತಿದ್ದ. ಆ 'ಪಾಪ'ಕ್ಕೆ ನನಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿಯುತ್ತಿತ್ತು.

ಒಂದು ದಿನ ಕೌಲ್ ಬಜಾರಿನಲ್ಲಿ ಲೇಸೇ ಇಲ್ಲದ ಬೂಟು ಕಂಡೆ. ಪಕ್ಕಕ್ಕೆ ಎಲಾಸ್ಟಿಕ್, ತಳಕ್ಕೆ ದಪ್ಪ ರಬ್ಬರು, ಎಳೆದುಕೊಳ್ಳಲು ಹಿಂದೊಂದು ಮುಂದೊಂದು ಕುಣಿಕೆ. ನನ್ನ ಸೊಟ್ಟ ಬೆರಳು ಆ ಕುಣಿಕೆಯೊಳಗೆ ಕೊಕ್ಕೆಯ ಹಾಗೆ ಕೂತಿತು. ಎಳೆದೆ, ಕಾಲು ಒಳಗೆ ಹೋಯಿತು. ಅಂಗಡಿಯಲ್ಲೇ ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಸುಶೀಲಕ್ಕ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದೇನ ಯವ್ವಾ, ಸಿರುಗುಪ್ಪಕ್ಕ ಗದ್ದಿ ನಾಟಿ ಮಾಡಾಕ ಹೊಂಟಿಯೇನು?"

ನಿಜಕ್ಕೂ ಆ ಸಲ ನಮ್ಮೆಲ್ಲರ ಕಣ್ಣು ಸಿರುಗುಪ್ಪದ ಕಡೆಗೇ ಇತ್ತು. ಅಲ್ಲಿಯ ಕೆಂಚನಗುಡ್ಡದಲ್ಲಿ ತುಂಗಭದ್ರೆಯ ದಂಡೆಗೆ ಡೇರೆ ಹೊಡೆದು ಒಂದು ರಾತ್ರಿ ಇರುವುದೆಂದು ಮಾತಾಗಿತ್ತು. ಸುಶೀಲಕ್ಕನ ಕಾನೂನು ಏನೆಂದರೆ, ಮೊದಲು ಕುರುಗೋಡಿನ ಗುಡ್ಡ ಹತ್ತಿ ತೋರಿಸಿದವರಿಗೆ ಮಾತ್ರ ಡೇರೆಯಲ್ಲಿ ಜಾಗ. ಮದುವೆಮನೆ, ಆಸ್ಪತ್ರೆ ಬಿಟ್ಟರೆ ಹೊರಗೆಲ್ಲೂ ಮಲಗಿ ಗೊತ್ತಿಲ್ಲದ ನನಗೆ ಆ ಹೊಳೆಯ ದಂಡೆ ಬೇಕೇ ಬೇಕಿತ್ತು.

ಕುರುಗೋಡಿನಲ್ಲಿ ಗುಡ್ಡದ ಬುಡಕ್ಕೆ ಹೋಗುತ್ತಲೇ ಅವಳು ಊಟದ ಚೀಲವನ್ನು ನನ್ನ ಕೈಗೆ ಹಾಕಿದಳು. "ನೀ ಇಲ್ಲೇ ಕುಂದ್ರು, ಬುತ್ತಿ ಕಾಯ್ಕೊಂತ. ಮಂಗ್ಯಾಗಳು ಭಾಳ ಅದಾವು. ಹತ್ತೋದು ನಿನ್ನ ಕೈಲೆ ಆಗಂಗಿಲ್ಲ ಬಿಡು."

"ಗುಡ್ಡ ಹತ್ತೋದು ಕಾಲಿಲೆ ಅಕ್ಕಾ," ಅಂದೆ. ಅವಳು ಆಗಲೇ ಹೊರಟಿದ್ದಳು. ಒಂದು ಮಾತು ನನ್ನನ್ನು ಕೇಳಬಾರದೇ? ನಾನೇನು ಹೊಲಕ್ಕೆ ನಿಲ್ಲಿಸಿದ ಬೆದರುಬೊಂಬೆಯೇ? ಚೀಲ ಹೆಗಲಿಗೇರಿಸಿ ಸಿಟ್ಟಿನ ಮೇಲೆಯೇ ಹತ್ತತೊಡಗಿದೆ.

ನಮ್ಮ ಕಡೆ ಗುಡ್ಡ ಹತ್ತುವುದೆಂದರೆ ಬರೀ ಹತ್ತುವುದಲ್ಲ. ಕುಂಕುಮ ಹಚ್ಚಿದ ಕಲ್ಲು ಕಂಡಲ್ಲೆಲ್ಲ ಬೂಟು ಕಳಚಿ ಕೈ ಮುಗಿಯಬೇಕು. ಹನುಮಪ್ಪನೋ ಅಮ್ಮನೋ, ತಿರುವಿಗೊಬ್ಬರು ಇದ್ದೇ ಇರುತ್ತಾರೆ. ಮೊದಲನೇ ಹನುಮಪ್ಪನ ಮುಂದೆ ಎಲ್ಲರೂ ಸಾಲಾಗಿ ಕೂತು ಲೇಸು ಬಿಚ್ಚುತ್ತಿದ್ದರು. ಸುಶೀಲಕ್ಕನದು ಗಂಟು ಬಿದ್ದಿತ್ತು. ನಾನು ಹಿಮ್ಮಡಿ ಒತ್ತಿ ಬೂಟು ಕಳಚಿದೆ, ಕೈ ಮುಗಿದೆ, ಮತ್ತೆ ಕಾಲು ತೂರಿಸಿ ಮುಂದೆ ನಡೆದೆ.

"ಏ, ಬುತ್ತಿ ಎಲ್ಲೇ?" ಎಂದು ಹಿಂದಿನಿಂದ ಅವಳ ಕೂಗು ಬಂತು.

"ಮ್ಯಾಲೆ ಬರ್ರಿ, ಸಿಗ್ತೈತಿ," ಅಂದೆ. ತಿರುಗಿ ನೋಡಲಿಲ್ಲ.

ಅವರೆಲ್ಲ ಏದುಸಿರು ಬಿಡುತ್ತ ತುದಿಗೆ ಬಂದಾಗ ನಾನು ಬುತ್ತಿ ಬಿಚ್ಚಿ ಕೂತಿದ್ದೆ. ಸುಶೀಲಕ್ಕ ಮೊಸರನ್ನದ ತುತ್ತು ನುಂಗಿ, "ಬೂಟು ಭಾಳ ಚಲೋ ಅದಾವು ಬಿಡು," ಅಂದಳು. ಬೂಟಂತೆ! ಹತ್ತಿದವಳು ನಾನು. ಕೆಂಚನಗುಡ್ಡಕ್ಕೇನೋ ಹೋದೆ, ಡೇರೆಯಲ್ಲಿ ಮಲಗಿ ಹೊಳೆಯ ಸದ್ದು ಕೇಳಿದೆ. ಆದರೆ ಆ ಮಾತು ಮುರಿದ ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಈಗ ನಾನು ಹಾಕುವ ಹೊಸ ಜೋಡು ಬಾಗಿಲ ಬಳಿಯೇ ಇರುತ್ತದೆ. ಇವತ್ತು ಹಳೆಯದನ್ನು ಇಳಿಸಿದ್ದು ಸುಶೀಲಕ್ಕನಿಗಾಗಿಯೇ. ಬೆನ್ನಿನ ಆಪರೇಷನ್ ಆಗಿ ಅವಳಿಗೀಗ ಬಗ್ಗಲು ಬಾರದು. "ನಿನ್ನ ಬೂಟು ಒಂದೀಟು ಹಾಕ್ಕೊಂಡು ನೋಡ್ತೀನಿ, ಸಂಗನಕಲ್ಲಿಗರೆ ಹೋಗಾಕ ಆಗ್ತೈತೇನೋ," ಎಂದು ನಿನ್ನೆ ಫೋನಿನಲ್ಲಿ ಹೇಳಿದ್ದಳು.

ಬಂದಳು. ಕುರ್ಚಿಯ ಮೇಲೆ ಕೂತು ಕಾಲು ತೂರಿಸಿದಳು. ಹಿಮ್ಮಡಿ ಒಳಗಿಳಿಯಲಿಲ್ಲ, ಕುಣಿಕೆಗೆ ಕೈ ಎಟುಕಲಿಲ್ಲ. 'ಪಾಪ' ಅನ್ನುವುದು ನನ್ನ ಬಾಯಿಯ ತುದಿಗೆ ಬಂದೇಬಿಟ್ಟಿತ್ತು. ಸೊಟ್ಟ ಕೈ ಆಗಲೇ ಅವಳ ಕಾಲಿನ ಕಡೆ ಚಾಚಿತ್ತು.

"ಮುಟ್ಟಬ್ಯಾಡ!" ಎಂದು ಗದರಿದಳು. "ನಾನ ಹಾಕ್ಕೊಂತೀನಿ."

ಮುಖ ಕೆಂಪಗಾಗಿತ್ತು. ಆ ಸಿಟ್ಟು ನನಗೆ ಚೆನ್ನಾಗಿ ಗೊತ್ತು. ಎಷ್ಟೋ ವರ್ಷಕ್ಕೆ ಮೊದಲ ಸಲ ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಅಡುಗೆಮನೆಗೆ ಹೋದೆ. ಹೊರಗೆ ಅವಳು ಕಾಲನ್ನು ನೆಲಕ್ಕೆ ಕುಟ್ಟುತ್ತಲೇ ಇದ್ದಳು. ನಾನು ಇಬ್ಬರಿಗೂ ಆಗುವಷ್ಟು ಮೊಸರನ್ನ ಕಲೆಸತೊಡಗಿದೆ.